ಬೆಲ್ಲದ ವರ್ತಕನ ಹಿತ್ತಲು

"ಗುರುಗಳೇ, ಉಪದೇಶಕ್ಕೆ ಬಾರದೆ ಊಟದ ಹೊತ್ತಿಗೆ ಮಾತ್ರ ಸರಿಯಾಗಿ ಬರುವವರನ್ನು ಪಂಕ್ತಿಯಿಂದ ಎಬ್ಬಿಸಬಹುದೇ?"

ಕೇಳಿದವನು ವಾಮನ. ಆಶ್ರಮದ ಮಧ್ಯಾಹ್ನದ ಪಂಕ್ತಿಯ ಉಸ್ತುವಾರಿ ಆ ತಿಂಗಳು ಅವನದಾಗಿತ್ತು. ಕೆಲಸದಲ್ಲಿ ಶ್ರದ್ಧೆಯುಳ್ಳವನು. ಶ್ರದ್ಧೆ ಸ್ವಲ್ಪ ಹೆಚ್ಚೇ ಆಯಿತೆಂದು ಉಣ್ಣುವವರು ಹೇಳಿಕೊಳ್ಳುತ್ತಿದ್ದರು. ಸೌಟು ಹಿಡಿದು ಪಂಕ್ತಿಯ ತಲೆಯಲ್ಲಿ ನಿಂತು, ಎಲೆಯ ಮುಂದೆ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ ಅವನು ಬಡಿಸಲು ಬಗ್ಗುತ್ತಿದ್ದುದು.

ಗುರುಗಳು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಅದಕ್ಕೇನು, ಎಬ್ಬಿಸೋಣ," ಎಂದರು. "ಊಟಕ್ಕೆ ಇನ್ನೂ ಹೊತ್ತಿದೆ. ಕೂತು ನೀನೂ ನಾಲ್ಕು ಕಾಯಿ ಬಿಡಿಸು. ಒಂದು ಕತೆ ಹೇಳುತ್ತೇನೆ."

ವಾಮನ ಕುಳಿತ. ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವರ್ತಕನಿದ್ದ. ಆಲೆಮನೆಗಳಿಂದ ಗಾಡಿಗಟ್ಟಲೆ ಬೆಲ್ಲ ಅವನ ಮಂಡಿಗೆ ಬರುತ್ತಿತ್ತು. ಅಚ್ಚನ್ನು ಒಡೆದು, ತುಂಡನ್ನು ಬೆಳಕಿಗೆ ಹಿಡಿದರೆ ಸಾಕು, ಇದು ಒಂದನೇ ದರ್ಜೆ, ಇದು ಎರಡನೆಯದು, ಇದು ಮೂರನೆಯದು ಎಂದು ಹೇಳಿಬಿಡುತ್ತಿದ್ದ. ಹೊಂಬಣ್ಣದ ಬೆಲ್ಲಕ್ಕೆ ಮೊದಲ ಜಾಗ. ಕಪ್ಪಾದದ್ದು ಬಾಗಿಲಿನಿಂದಲೇ ಹಿಂದಕ್ಕೆ. ಬಾಯಿಗೆ ಹಾಕಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕಣ್ಣಿರುವಾಗ ನಾಲಿಗೆ ಯಾಕೆ ಎನ್ನುತ್ತಿದ್ದ.

ಅವನ ತಂದೆ ತೀರಿಕೊಂಡರು. ಆಮೇಲೆ ಅವನಿಗೆ ಮಂಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಸಿಲು ಇಳಿಯುವ ಮೊದಲೇ ಮನೆಗೆ ಬಂದು, ಹಿತ್ತಲ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದ. ಹಿತ್ತಲಿನಲ್ಲಿ ಒಂದು ಬಾವಿ, ಒಂದು ಸೀಬೆ ಮರ, ಬೇಲಿಯುದ್ದಕ್ಕೂ ದಾಸವಾಳ. ಒಂದು ದಿನ ಪಿಕಳಾರವೊಂದು ಸೀಬೆಯ ಕೊಂಬೆಗೆ ಬಂದು ಕುಳಿತಿತು. ತಲೆಯ ಮೇಲೆ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು. ಹಕ್ಕಿ ಇವನನ್ನು ನೋಡಿತು, ಇವನು ಹಕ್ಕಿಯನ್ನು ನೋಡಿದ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ನಾನು ಇದನ್ನು ಕಂಡಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ತಂದೆ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮರುದಿನವೇ ಮರಕ್ಕೆ ಒಂದು ಹಲಗೆ ಕಟ್ಟಿ ಕಾಳು ಚೆಲ್ಲಿದ. ಕಲ್ಲಿನ ಬಾನಿಗೆ ನೀರು ತುಂಬಿಸಿದ. ಸುದ್ದಿ ಹೇಗೋ ಹಬ್ಬಿತು. ಗುಬ್ಬಿಗಳು ಬಂದವು, ಗೊರವಂಕಗಳು ಬಂದವು, ದಾಸವಾಳಕ್ಕೆ ಸೂರಕ್ಕಿ ಬಂತು. ಹರಟೆಮಲ್ಲ ಹಕ್ಕಿಗಳು ಗುಂಪಾಗಿ ಬಂದು, ತಮ್ಮತಮ್ಮಲ್ಲೇ ಜಗಳವಾಡಿ, ಗುಂಪಾಗಿಯೇ ಹೋದವು. ಅಳಿಲುಗಳು ಹಲಗೆಯ ಮೇಲೆ ಕುಳಿತು ಎರಡೂ ಕೈಯಲ್ಲಿ ಕಡಲೆಬೀಜ ಹಿಡಿದು ತಿಂದವು. ಕಾಗೆಗಳೂ ಬಂದವು.

ಅವನು ಅಷ್ಟಕ್ಕೇ ನೋಡುತ್ತಾ ಕುಳಿತಿದ್ದರೆ ನಮ್ಮ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನೀನೂ ಎದ್ದು ಹೋಗಿ ಸಾರಿನ ಉಪ್ಪು ನೋಡಬಹುದಿತ್ತು. ಆದರೆ ಅವನು ವರ್ತಕ. ಮಂಡಿಯಿಂದ ಮನೆಗೆ ಬರುವಾಗ ಅಂಗಿ ಬದಲಿಸುತ್ತಿದ್ದನೇ ಹೊರತು ಕಣ್ಣನ್ನು ಬದಲಿಸುತ್ತಿರಲಿಲ್ಲ. ಪಿಕಳಾರ, ಸೂರಕ್ಕಿ ಒಂದನೇ ದರ್ಜೆ ಎಂದುಕೊಂಡ. ಗುಬ್ಬಿ, ಗೊರವಂಕ ಎರಡನೆಯದು. ಹರಟೆಮಲ್ಲ ಮೂರನೆಯದು, ಬಣ್ಣವೂ ಇಲ್ಲ, ಬಾಯಿಯೂ ಜೋರು. ಅಳಿಲಿಗೆ ಮೊದಮೊದಲು ಒಂದನೇ ದರ್ಜೆಯೇ ಸಿಕ್ಕಿತ್ತು. ಬೆನ್ನ ಮೇಲೆ ರಾಮನ ಬೆರಳ ಗುರುತಿದೆಯಲ್ಲ ಎಂಬ ಗೌರವ. ಅದು ಸೀಬೆಕಾಯಿ ಕಚ್ಚಿದ ದಿನ ಗೌರವ ಹೋಗಿ ಎರಡಕ್ಕೆ ಇಳಿಯಿತು. ಕಾಗೆಗೆ ದರ್ಜೆಯೇ ಇಲ್ಲ. ಅದು ಬಾಗಿಲಿನಿಂದಲೇ ಹಿಂದಕ್ಕೆ ಹೋಗಬೇಕಾದ ಮಾಲು.

ಹಿಂದಕ್ಕೆ ಕಳಿಸಲು ಒಂದು ಸಾಧನ ಬೇಕಾಯಿತು. ಉದ್ದನೆಯ ಬಿದಿರಿನ ಗಳವೊಂದನ್ನು ತುದಿಯಲ್ಲಿ ಸೀಳಿಸಿ ತಂದ. ನೆಲಕ್ಕೆ ಬಡಿದರೆ ಪಟಾರೆಂದು ಸದ್ದು. ಕಾಗೆಯ ನೆರಳು ಕಂಡರೆ ಸಾಕು, ಪಟಾರ್. ಕಾಗೆ ಹಾರುತ್ತಿತ್ತು. ಜೊತೆಗೆ ಪಿಕಳಾರವೂ ಹಾರುತ್ತಿತ್ತು, ಅಳಿಲು ಮರದ ಆಚೆ ಬದಿಗೆ ಓಡುತ್ತಿತ್ತು. ಅವು ಸ್ವಲ್ಪ ಹೊತ್ತಿಗೆ ವಾಪಸು ಬರುತ್ತಿದ್ದವು. ಅಷ್ಟರಲ್ಲಿ ಇನ್ನೊಂದು ಕಾಗೆ. ಮತ್ತೆ ಪಟಾರ್. ಅವನಿಗೆ ಕುರ್ಚಿಯಲ್ಲಿ ಕೂರಲು ಪುರುಸೊತ್ತೇ ಸಿಗದಂತಾಯಿತು.

ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆದಿತ್ತು. ಅಲ್ಲಿಂದ ಹೆಂಡತಿ ನೋಡಿ ನಕ್ಕಳು. "ಹಕ್ಕಿ ನೋಡ್ತೀನಿ ಅಂತ ಕೂತವರು ಕಾವಲಿಗೆ ನಿಂತುಬಿಟ್ರಲ್ರೀ!"

"ಕಾವಲಿಲ್ಲದ ಮಂಡಿಗೆ ಒಳ್ಳೆ ಮಾಲು ಬರೋಲ್ಲ ಕಣೇ," ಎಂದ ವರ್ತಕ, ಗಳದ ಮೇಲಿನ ಕೈ ತೆಗೆಯದೆ.

ದಿನಗಳು ಹೋದವು. ಕಾಗೆಗಳು ಅವನ ಮುಖವನ್ನು ಚೆನ್ನಾಗಿ ಗುರುತು ಹಿಡಿದವು. ಅವನು ಜಗಲಿಗೆ ಬರುತ್ತಿದ್ದಂತೆ ಪಕ್ಕದ ಮನೆಯ ತೆಂಗಿನ ಮರ ಸೇರಿಕೊಳ್ಳುತ್ತಿದ್ದವು. ಅವನಿಗೆ ಬಹಳ ಸಂತೋಷವಾಯಿತು.

ತಂದೆಯ ಮೊದಲ ವರ್ಷದ ಶ್ರಾದ್ಧ ಬಂತು. ಬೆಳಿಗ್ಗೆಯೇ ನೆಂಟರು ಬಂದರು. ವರ್ತಕ ಅವರಿಗೆ ಹಿತ್ತಲು ತೋರಿಸಿದ. ಹಲಗೆ ತೋರಿಸಿದ, ಬಾನಿ ತೋರಿಸಿದ. ನಮ್ಮ ಹಿತ್ತಲಿಗೆ ಒಂದೇ ಒಂದು ಕಾಗೆಯೂ ಕಾಲಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ನೆಂಟರೂ ತಲೆದೂಗಿದರು. ಆ ಮಾತಿನಲ್ಲಿ ಏನು ಎಡವಟ್ಟಿದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

(ಇಲ್ಲಿ ವಾಮನನಿಗೆ ಹೊಳೆಯಿತು. ಅವನು ನಕ್ಕ. ಗುರುಗಳು, "ನಗು, ನಗು, ಕಾಯಿ ಬಿಡಿಸುವುದು ನಿಲ್ಲಿಸಬೇಡ," ಎಂದು ಮುಂದುವರಿಸಿದರು.)

ಮಧ್ಯಾಹ್ನದ ಹೊತ್ತಿಗೆ ಹೋಮ ಮುಗಿಯಿತು, ತರ್ಪಣ ಮುಗಿಯಿತು. ಎಳ್ಳು ಬೆರೆಸಿದ ಪಿಂಡವನ್ನು ಬಾಳೆಲೆಯಲ್ಲಿಟ್ಟು ಬಾವಿಕಟ್ಟೆಯ ಮೇಲೆ ಇರಿಸಿದರು. ಅದನ್ನು ಕಾಗೆ ಮುಟ್ಟಿದರೆ ಹೋದವರಿಗೆ ಸಂದಂತೆ. ಮುಟ್ಟುವವರೆಗೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ. ಪುರೋಹಿತರು, "ಕರ್ತೃ ಎದುರಿಗೆ ನಿಂತು ಪ್ರಾರ್ಥನೆ ಮಾಡಿಕೊಳ್ಳಬೇಕು," ಎಂದರು. ವರ್ತಕ ಮಡಿಪಂಚೆಯಲ್ಲಿ ಕೈಮುಗಿದು ನಿಂತ. ಗಳ ಕೈಯಲ್ಲಿಲ್ಲ, ಅಂಗಿ ಮೈಮೇಲಿಲ್ಲ, ತಲೆ ಒದ್ದೆ. ಆದರೂ ತೆಂಗಿನ ಮರದ ಕಾಗೆಗಳಿಗೆ ಇವನು ಯಾರೆಂದು ಗೊತ್ತಾಗದೆ ಇರಲಿಲ್ಲ.

ಕಾದರು. ಪಿಕಳಾರ ಬಂತು, ಹೋಯಿತು. ಅಳಿಲೊಂದು ಎಳ್ಳಿನ ವಾಸನೆ ಹಿಡಿದು ಬಾವಿಕಟ್ಟೆ ಏರಿತು. ಅಳಿಲು ಮುಟ್ಟಿದರೆ ಪಿಂಡ ಕೆಟ್ಟಿತು ಎಂದು ವರ್ತಕ ಹುಶ್ ಎಂದು ಕೂಗಿದ. ಆ ದನಿ ಕೇಳಿದ್ದೇ ತಡ, ತೆಂಗಿನ ಮರದ ಕಾಗೆಗಳು ಅದರಾಚೆಯ ಮರಕ್ಕೆ ಹೋದವು. ಇವನು ಕೊರಳೆತ್ತಿ ಕಾ ಕಾ ಎಂದು ಕರೆದ. ಅವು ಇನ್ನೂ ಒಂದು ಮರ ದೂರ ಹೋದವು.

ನೆಂಟರಲ್ಲಿ ಗುಸುಗುಸು ಎದ್ದಿತು. ಹೋದವರಿಗೆ ಏನೋ ಆಸೆ ಉಳಿದುಬಿಟ್ಟಿದೆ, ಅದಕ್ಕೇ ಕಾಗೆ ಮುಟ್ಟುತ್ತಿಲ್ಲ ಎಂದರು. ಒಬ್ಬೊಬ್ಬರಾಗಿ ಬಂದು ಪಿಂಡದ ಮುಂದೆ ಮಾತು ಕೊಡತೊಡಗಿದರು. ಹೋದವರ ಮಗಳು, ಅತ್ತಿಗೆಯೊಡನೆ ಇನ್ನು ಜಗಳವಾಡುವುದಿಲ್ಲ ಎಂದಳು. ಹೋದವರ ತಮ್ಮ ಬಹಳ ಹೊತ್ತು ತೊಳಲಾಡಿ, "ಅಣ್ಣಾ, ನಿನ್ನ ಬೆಳ್ಳಿ ನಶ್ಯದ ಡಬ್ಬಿ ನನ್ನ ಹತ್ರಾನೇ ಇದೆ, ವಾಪಸ್ ಕೊಟ್ಬಿಡ್ತೀನಿ," ಎಂದ. ಮನೆಯವರೆಲ್ಲ ಅವನ ಕಡೆ ತಿರುಗಿ ನೋಡಿದರು. ವರ್ತಕ ಕಾಶಿಗೆ ಹೋಗುತ್ತೇನೆ ಎಂದ, ಗಯೆಗೆ ಹೋಗುತ್ತೇನೆ ಎಂದ. ಒಂದೊಂದು ಮಾತಿಗೂ ಎದೆಯುಬ್ಬಿಸಿ ಗಟ್ಟಿಯಾಗಿ ಹೇಳಿದ. ಕಾಗೆಗಳು ಅಲುಗಲಿಲ್ಲ.

ಪುರೋಹಿತರಿಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಆಗದಿದ್ದರೆ ಹಸುವಿಗೆ ಕೊಟ್ಟರೂ ನಡೆಯುತ್ತದೆ ಎಂದರು. ನೆಂಟರಿಗೆ ಒಪ್ಪಿಗೆಯಾಯಿತು. ಪಾಯಸ ಆರುತ್ತಿತ್ತು. ಆದರೆ ವರ್ತಕನ ತಾಯಿ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. "ಹಸು ತಿಂದ್ರೆ ನನಗೆ ಸಮಾಧಾನ ಆಗಲ್ಲಪ್ಪ," ಎಂದರು. "ಅವರು ಬರ್ಲಿ. ಬರೋವರೆಗೂ ನಾನು ಏಳಲ್ಲ." ಹೇಳಿದ ದನಿಯಲ್ಲಿ ಶಕ್ತಿಯಿರಲಿಲ್ಲ. ವರ್ತಕನಿಗೆ ನಿಜವಾಗಿ ಭಯವಾಯಿತು. ತಂದೆ ಮುನಿದರು, ತಾಯಿ ಕಣ್ಣೆದುರೇ ಸೊರಗುತ್ತಿದ್ದಾರೆ, ಎರಡಕ್ಕೂ ಕಾರಣ ತನ್ನ ಕೈಯಲ್ಲಿದ್ದ ಗಳ ಎಂದು ಅವನಿಗೆ ಅನ್ನಿಸಿತು. ಕೆನ್ನೆ ಕೆನ್ನೆ ಬಡಿದುಕೊಂಡು, "ಅಪ್ಪಾ, ತಪ್ಪಾಯ್ತು, ಇನ್ಮೇಲೆ ಓಡಿಸೋದಿಲ್ಲ," ಎಂದು ಅತ್ತುಬಿಟ್ಟ. ಅಳು ಜೋರಾಗಿತ್ತು. ದೂರದಲ್ಲಿದ್ದ ಕಾಗೆಗಳೂ ಕಣ್ಣಿಗೆ ಕಾಣದಂತಾದವು.

ಒಲೆಯ ಮುಂದಿದ್ದ ಹೆಂಡತಿ, ಇನ್ನೂ ಯಾಕೆ ಎಲೆ ಹಾಕಲಿಲ್ಲ ಎಂದು ನೋಡಲು ಹೊರಗೆ ಬಂದಳು. ಗಂಡ ಅಳುವುದನ್ನು ಕಂಡಳು, ಅತ್ತೆಯ ಮುಖವನ್ನು ಕಂಡಳು, ಖಾಲಿ ಮರವನ್ನೂ ಕಂಡಳು.

"ಮಾವನವರಿಗೆ ಕೋಪ ಗೀಪ ಏನೂ ಇಲ್ಲ ಕಣ್ರೀ," ಎಂದಳು. "ಕಾಗೆಗೆ ನಿಮ್ಮನ್ನ ಕಂಡ್ರೆ ಭಯ, ಅಷ್ಟೇ. ಒಳಗೆ ಬನ್ನಿ."

"ನಾನು ಕರ್ತೃ ಅಲ್ವೇನೇ? ನಾನೇ ಒಳಗೆ ಹೋದ್ರೆ ಹೆಂಗೆ?"

"ನೀವು ಬನ್ನಿ ಅಂದ್ರೆ."

ಅವನು ಪುರೋಹಿತರ ಕಡೆ ನೋಡಿದ. ಅವರಿಗೂ ಹಸಿವಾಗಿತ್ತು. "ಒಳಗಿಂದಲೇ ಪ್ರಾರ್ಥಿಸಿದರೂ ಬಾಧಕವಿಲ್ಲ," ಎಂದರು. ಎಲ್ಲರೂ ಒಳಗೆ ಬಂದರು. ಸೊಸೆ ಅತ್ತೆಯನ್ನು ಕೈಹಿಡಿದು ಎಬ್ಬಿಸಿ ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿದಳು. ವರ್ತಕ ತಾಯಿಯ ಹಿಂದೆ ಉಸಿರು ಬಿಗಿಹಿಡಿದು ನಿಂತ.

ಅಕ್ಕಿ ತೊಳೆಯುವಷ್ಟು ಹೊತ್ತೂ ಆಗಲಿಲ್ಲ. ಒಂದು ಕಾಗೆ ಬಾವಿಯ ರಾಟೆಯ ಮೇಲೆ ಬಂದಿಳಿಯಿತು. ಜಗಲಿಯ ಕಡೆ ನೋಡಿತು. ಕುರ್ಚಿಯ ಕಡೆ ನೋಡಿತು. ಓರೆಯಾಗಿ ಕುಪ್ಪಳಿಸಿ ಕಟ್ಟೆಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂದು ಪಿಂಡಕ್ಕೆ ಕೊಕ್ಕು ಹಾಕಿತು.

"ಬಂದ್ರು," ಎಂದರು ತಾಯಿ. ಕೈ ಮುಗಿದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. ಸೊಸೆ ಕೊಟ್ಟ ನೀರನ್ನು ಲೋಟ ಎತ್ತಿ ಪೂರ್ತಿ ಕುಡಿದರು. ಮನೆ ತುಂಬ ಎಲೆ ಹಾಕುವ ಗದ್ದಲ ಎದ್ದಿತು. ಹೋದವರ ತಮ್ಮ ಮಾತ್ರ ಪುರೋಹಿತರ ಪಕ್ಕಕ್ಕೆ ಸರಿದು, ಹಾಗಾದರೆ ನಶ್ಯದ ಡಬ್ಬಿ ಕೊಡಲೇಬೇಕೇ ಎಂದು ಮೆಲ್ಲಗೆ ವಿಚಾರಿಸಿದ.

ವರ್ತಕ ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆಯೇ ಇನ್ನೆರಡು ಕಾಗೆ ಬಂದವು. ಹರಟೆಮಲ್ಲಗಳು ಬಂದವು. ಚೆದುರಿದ ಅಗುಳನ್ನು ಗುಬ್ಬಿಗಳು ಹೆಕ್ಕಿದವು. ಪಿಕಳಾರ ಬಾನಿಗಿಳಿದು, ರೆಕ್ಕೆ ಬಿಚ್ಚಿ ನೀರು ಎರಚಾಡಿ ಸ್ನಾನ ಮಾಡಿತು. ಅಳಿಲೊಂದು ಹಲಗೆಯ ಮೇಲೆ ಹೊಟ್ಟೆ ಹಚ್ಚಿ ನಾಲ್ಕೂ ಕಾಲು ಚಾಚಿ ಮಲಗಿತು. ಗಳ ತಂದ ಮೇಲೆ ಅವನು ಕಂಡದ್ದು ಬೆಚ್ಚಿ ಹಾರುವ ಹಕ್ಕಿಗಳನ್ನು, ಓಡುವ ಅಳಿಲನ್ನು. ನೆಮ್ಮದಿಯಾಗಿ ಕುಳಿತ ಒಂದನ್ನೂ ಕಂಡಿರಲಿಲ್ಲ. ಒಂದನೇ ದರ್ಜೆಯವು ಕೂಡ ಒಂದು ಕಣ್ಣನ್ನು ಗಳದ ಮೇಲಿಟ್ಟುಕೊಂಡೇ ಕಾಳು ತಿನ್ನುತ್ತಿದ್ದವು ಎಂದು ಅವನಿಗೆ ಆಗ ತಿಳಿಯಿತು. ತಿಳಿದು ನಾಚಿಕೆಯಾಯಿತು. ಆದರೂ ಅಳಿಲು ಮಲಗಿದ್ದ ಚಂದಕ್ಕೆ ನಗು ತಡೆಯಲಾಗಲಿಲ್ಲ.

"ಇವು ಯಾವಾಗ್ಲೂ ಹಿಂಗೇ ಇರ್ತಾವಾ?" ಎಂದು ಹೆಂಡತಿಯನ್ನು ಕೇಳಿದ.

"ನೀವು ಮಂಡಿಗೆ ಹೋದ್ಮೇಲೆ ದಿನಾ ಹಿಂಗೇ," ಎಂದಳು ಆಕೆ.

"ಕಾಗೆಗಳೂನಾ?"

"ಅವೇ ಮೊದ್ಲು."

ಗುರುಗಳು ಕತೆ ನಿಲ್ಲಿಸಿ, ರಾತ್ರಿಯ ಪಲ್ಯಕ್ಕೆ ಬಿಡಿಸಿದ ಹುರುಳಿಕಾಯಿಯ ಬುಟ್ಟಿಯನ್ನು ಒಳಗಿನವರಿಗೆ ದಾಟಿಸಿದರು. ಅಂಗಳದಲ್ಲಿ ಆಗಲೇ ಜನ ಸೇರುತ್ತಿದ್ದರು. ಉಪದೇಶ ಕೇಳಿದವರೂ ಇದ್ದರು, ಕೇಳದವರೂ ಇದ್ದರು. ವಾಮನ ಬಾಗಿಲಿಗೆ ಬಂದು ಸೌಟು ಕೈಗೆತ್ತಿಕೊಂಡ. ಅವನನ್ನು ಕಂಡು ಪಂಕ್ತಿಯಲ್ಲಿ ನಗುತ್ತಾ ಮಾತನಾಡುತ್ತಿದ್ದವರು ಮಾತು ನಿಲ್ಲಿಸಿ ಎಲೆಯ ಕಡೆ ತಲೆ ತಗ್ಗಿಸಿದರು. ಪ್ರತಿದಿನ ಉಪದೇಶಕ್ಕೆ ಬರುವ ಮುದುಕರೊಬ್ಬರು ಕೂಡ ತಲೆ ತಗ್ಗಿಸಿದರು.

ವಾಮನ ಅದನ್ನು ನೋಡಿದ. ಆದರೂ ಉತ್ತರ ಸ್ಪಷ್ಟವಾಗಿ ಬೇಕು ಎನ್ನುವವನಂತೆ ತಿರುಗಿ ಕೇಳಿದ: "ಹಾಗಾದರೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತೀರಾ, ಗುರುಗಳೇ?"

"ನಾನೆಲ್ಲಿ ಹಾಗೆಂದೆ? ಆ ಹಿತ್ತಲಿನಿಂದಲೂ ಒಬ್ಬರನ್ನು ಒಳಗೆ ಕಳಿಸಲೇಬೇಕಾಯಿತಲ್ಲ, ನಮ್ಮ ಪಂಕ್ತಿಯಲ್ಲಿ ಅಂಥವರು ಯಾರೆಂದು ನೋಡಿ, ನೀನೇ ಕಳಿಸು."