ಕೆಂಚನಕೋಟೆಯ ಚಾವಡಿ ಬಾಗಿಲು

"ನಾನು ಹೇಳಿದ್ದೇ ನ್ಯಾಯ!" ಎಂದು ಕೆಂಚನಕೋಟೆಯ ಹೊಸ ದೊರೆ ವೀರಬೊಮ್ಮರಸ ತೊಡೆ ತಟ್ಟಿದ. "ಕುಂಬಾರಕೇರಿ ಕಿತ್ತುಹಾಕಿ ಅಲ್ಲಿ ನವಿಲುತೋಟ ಮಾಡಿಸ್ತೀನಿ. ನಾಳೆ ನಾನೇ ನ್ಯಾಯಚಾವಡಿಗೆ ಬರ್ತೀನಿ, ಅಪ್ಪಣೆಗೆ ಮುದ್ರೆ ಒತ್ತಬೇಕು. 'ಆಗಲ್ಲ' ಅನ್ನೋ ಮಾತು ನಿಮ್ಮ ಬಾಯಲ್ಲಿ ಬಂತೋ, ಪೀಠ ಬಿಟ್ಟು ಇಳೀರಿ!"

ನ್ಯಾಯಾಧಿಕಾರಿ ಮಂಚಯ್ಯನವರು ಈ ದೊರೆಯ ತಾತನ ಕಾಲದಲ್ಲಿ ಪೀಠ ಹತ್ತಿದವರು. ಮೂವತ್ತಾರು ವರ್ಷವಾಗಿತ್ತು. ಅವರ ಮುದ್ರೆ ಬೀಳದೆ ಆ ರಾಜ್ಯದಲ್ಲಿ ಒಂದು ಗುಡಿಸಲೂ ಕೆಡವುವಂತಿರಲಿಲ್ಲ. "ಆಗಲಿ ಪ್ರಭು" ಎಂದು ಕೈಮುಗಿದು ಮನೆಗೆ ಬಂದರು.

ಹೆಂಡತಿ ಚೆಲುವಮ್ಮ ಕೇಳಿದ್ದೇ ತಡ, ಹಣೆ ಚಚ್ಚಿಕೊಂಡರು. "ಹೂಂ ಅಂದು ಬಂದಿರಾ? ಅರವತ್ತು ಮನೆ ರೀ! ಆ ಜನ ಎಲ್ಲಿಗೆ ಹೋಗ್ಬೇಕು?"

"ಹೂಂ ಅಂದಿದ್ದೀನಿ, ಮುದ್ರೆ ಒತ್ತಿದ್ದೀನಾ? ಸ್ವಲ್ಪ ಸುಣ್ಣ ಕೊಡೇ."

ಮರುದಿನ ದೊರೆ ಕುದುರೆ ಏರಿ ಬಂದ. ಚಾವಡಿಯ ಬಾಗಿಲ ಮೇಲೆ ಸುಣ್ಣದ ದಪ್ಪಕ್ಷರದಲ್ಲಿ 'ನಾಳೆ ಬಾ' ಎಂದಿತ್ತು. ಇವತ್ತು ಚಾವಡಿ ಇಲ್ಲವೇನೋ ಅಂದುಕೊಂಡು ಕುದುರೆ ತಿರುಗಿಸಿದ. ಮಾರನೇ ದಿನವೂ ಅದೇ ಬರಹ. ಗೊಣಗುತ್ತಾ ಹೋದ.

ಮೂರನೇ ದಿನ ಬಂದರೆ, ಬೆಳ್ಳುಳ್ಳಿ ಮಾರುವ ದ್ಯಾವಮ್ಮ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗುತ್ತಿದ್ದಾಳೆ!

"ಏಯ್! ಬರೆದಿರೋದು ಕಾಣಲ್ವಾ?"

"ಕಾಣುತ್ತೆ ಬುದ್ಧಿ. ಅದು ದೆವ್ವಕ್ಕಲ್ವಾ? ನಮ್ಮ ಬಾಗಿಲಲ್ಲೂ ಬರ್ದಿದ್ದೀವಿ. ಅದು ಬರುತ್ತೆ, ಓದುತ್ತೆ, ನಾಳೆ ಬರೋಣ ಅಂತ ವಾಪಸ್ ಹೋಗುತ್ತೆ. ಪಾಪ, ದಿನಾ ಹಂಗೇ!"

ಅರಮನೆಯಲ್ಲಿ ಬೆಳೆದ ದೊರೆಗೆ ಬೀದಿಯ ಈ ರೂಢಿ ಎಲ್ಲಿ ಗೊತ್ತು? ಮುಖ ಕೆಂಪಾಯಿತು. ದಡದಡನೆ ಒಳಗೆ ನುಗ್ಗಿದ. ಚಾವಡಿ ತುಂಬ ಜನ.

"ಏನ್ರೀ ಇದು ಮಂಚಯ್ಯನವರೇ! ನಾನೇನು ದೆವ್ವವೇ?"

"ಬಿಡ್ತು ಅನ್ನಿ ಪ್ರಭು!" ಮಂಚಯ್ಯನವರು ಎದ್ದು ನಿಂತರು. "ನಾನು 'ಆಗಲ್ಲ' ಅಂದಿಲ್ಲ. ಮುದ್ರೆ ಹಿಡಿದು ಮೂರು ದಿನದಿಂದ ಇಲ್ಲೇ ಕೂತಿದ್ದೀನಿ. ನ್ಯಾಯ ಕೇಳೋಕೆ ಬಂದವರೆಲ್ಲ ಸೀದಾ ಒಳಗೆ ಬಂದರು. ಅದನ್ನ ಓದಿ ವಾಪಸ್ ಹೋದವರು ತಾವೊಬ್ಬರೇ. ಯಾಕೆ ಹೋದಿರಿ ಅಂತ ನಾನು ಹೇಗೆ ಹೇಳಲಿ?"

ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ದೊರೆ ಹಲ್ಲು ಕಚ್ಚಿದ. ಆಮೇಲೆ, ಎರಡು ದಿನ ದೆವ್ವದ ಹಾಗೆ ತಾನೇ ಓದಿ ತಿರುಗಿ ಹೋದದ್ದು ನೆನಪಾಯಿತು. ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಕೈಯಲ್ಲಿದ್ದ ಅಪ್ಪಣೆಯ ಓಲೆಯನ್ನು ಎರಡು ತುಂಡು ಮಾಡಿದ.

"ನವಿಲು ಕಾಡಲ್ಲೇ ಇರಲಿ. ನಿಮಗೇನು ಬೇಕು, ಕೇಳಿ."

"ಮೂವತ್ತಾರು ವರ್ಷ ಕೂತೂ ಕೂತೂ ಮಂಡಿ ಹಿಡಿದಿದೆ ಪ್ರಭು. ಈ ಪೀಠದಿಂದ ಬಿಡುಗಡೆ ಕೊಟ್ಟರೆ ಸಾಕು."

"ಅದಕ್ಕೇನಂತೆ, ಧಾರಾಳವಾಗಿ ಕೊಡ್ತೀನಿ" ಎಂದ ದೊರೆ, ಹೊರಬಂದು ಕುದುರೆ ಏರುತ್ತಾ. "ನಾಳೆ ಬನ್ನಿ!"