ಕೆಂಪು ಬಳೆಯ ಹೇಂಟೆ

ಪಶುವೈದ್ಯೆ ಫಾರಂನ ಕೋಳಿಗಳಿಗೆ ಹಕ್ಕಿಜ್ವರದ ಹೊಸ ಲಸಿಕೆ ಚುಚ್ಚಿದರು. ಒಂದು ಮುದಿ ಹೇಂಟೆಯನ್ನು ಮಾತ್ರ ಬೇಕೆಂದೇ ಬಿಟ್ಟು, ಅದರ ಕಾಲಿಗೆ ಕೆಂಪು ಬಳೆ ತೊಡಿಸಿದರು.

“ಏನಜ್ಜಿ, ಸೂಜಿಗೆ ಹೆದರಿದೆಯಾ?” ಎಂದು ಹುಂಜ ಕೆಣಕಿತು.

“ನಾನು ಕಾವಲಿಗಿದ್ದೇನೆ,” ಎಂದಿತು ಹೇಂಟೆ. “ಲಸಿಕೆ ಪಡೆದವರಲ್ಲಿ ರೋಗ ಕಾಣಿಸದೆ ಅಡಗಿರಬಹುದು. ನನ್ನಲ್ಲಿ ಅಡಗದು. ನಾನು ಬಿದ್ದರೆ ರೋಗ ಒಳಗೆ ಬಂದಿದೆ ಎಂದು ವೈದ್ಯೆಗೆ ತಿಳಿಯುತ್ತದೆ.”

“ಹಾಗಾದರೆ ನೀನು ಸಾಯುವುದಕ್ಕೇ ಇರುವವಳು!”

“ನಿಮ್ಮಲ್ಲಿ ಯಾರಿಗೂ ರೋಗ ತಗುಲದಿದ್ದರೆ ನನಗೆ ಎಲ್ಲಿಂದ ಬರುತ್ತದೆ? ನಿಮ್ಮೆಲ್ಲರನ್ನು ನಂಬಿ ನಾನಿದ್ದೇನೆ. ಅದಿರಲಿ, ಬೆಳಿಗ್ಗೆ ತೊಲೆಯ ಮೇಲೆ ಅಡಗಿ ಸೂಜಿ ತಪ್ಪಿಸಿಕೊಂಡವನು ಯಾರಪ್ಪ?”

ವೈದ್ಯೆ ಲಸಿಕೆಯ ಪೆಟ್ಟಿಗೆ ಮುಚ್ಚಿ ಹೊರಟಿದ್ದರು. ಹುಂಜ ಓಡಿಹೋಗಿ ಅವರ ದಾರಿಗೆ ಅಡ್ಡ ನಿಂತಿತು. ವೈದ್ಯೆ ನಕ್ಕು ಪೆಟ್ಟಿಗೆ ತೆರೆದರು.

ಚಳಿಗಾಲಕ್ಕೆ ಕಾಡುಬಾತುಗಳು ಪಕ್ಕದ ಕೆರೆಗೆ ಬಂದಿಳಿದವು. ಅವುಗಳಲ್ಲಿ ಹಲವು ಹಕ್ಕಿಜ್ವರದಿಂದ ಸತ್ತವು. ಅವುಗಳಿಗೂ ಲಸಿಕೆ ಕಂಡುಹಿಡಿಯಲು ವೈದ್ಯೆ ಕೆರೆಯ ದಡದಲ್ಲಿ ಕೆಲಸ ಆರಂಭಿಸಿದರು.

ಯುಗಾದಿಯ ದಿನ ಕೆಂಪು ಬಳೆಯ ಹೇಂಟೆ ತಿಪ್ಪೆ ಕೆದಕುತ್ತಿತ್ತು. ಹುಂಜ ತನಗೆ ಸಿಕ್ಕ ಹುಳುವನ್ನು ತಂದು ಅದರ ಮುಂದೆ ಇಟ್ಟಿತು.