ನೀಲಿ ಕೊಡದ ಮಡಿ

ಶಿಷ್ಯನೊಬ್ಬ ಪೇಟೆಯಿಂದ ನೀಲಿ ಪ್ಲಾಸ್ಟಿಕ್ ಕೊಡವೊಂದನ್ನು ತಂದು, ಬಾವಿಕಟ್ಟೆಯಲ್ಲಿ ಮೂರು ಸಲ ತೊಳೆದು, ಗುರುಗಳ ಮುಂದೆ ಇಟ್ಟು ಕೇಳಿದ: "ಗುರುಗಳೇ, ಪೂಜೆಯ ನೀರಿಗೆ ಇದು ಮಡಿಗೆ ಬರುತ್ತದೆಯೇ? ಹೊಚ್ಚ ಹೊಸದು. ಯಾರ ಮೈಲಿಗೆಯೂ ಇದಕ್ಕೆ ತಾಗಿಲ್ಲ."

ಗುರುಗಳು ಕೊಡವನ್ನು ಬೆರಳಿನಿಂದ ಒಮ್ಮೆ ತಟ್ಟಿದರು. "ಅಷ್ಟು ಖಾತ್ರಿಯೋ ನಿನಗೆ? ಹಾಗಾದರೆ ಕೂತುಕೋ," ಎಂದು ಕತೆ ಶುರುಮಾಡಿದರು.

ಒಂದು ಊರಿನ ಹೊರಗೆ ಒಬ್ಬ ಗುಜರಿ ವ್ಯಾಪಾರಿಯ ಗೋದಾಮು. ಊರಿನ ಒಡೆದ ಬಕೆಟ್ಟು, ಮುರಿದ ಕುರ್ಚಿ, ಹಳೆಯ ಪೈಪು ಎಲ್ಲ ಅಲ್ಲಿಗೇ ಬಂದು ಬೀಳಬೇಕು. ಅದನ್ನು ಬೇರ್ಪಡಿಸಲು ಒಬ್ಬ ಹೆಂಗಸಿದ್ದಳು. ಪ್ಲಾಸ್ಟಿಕ್ಕಿನಲ್ಲೂ ಜಾತಿಗಳುಂಟು, ನೋಡಲು ಎಲ್ಲ ಒಂದೇ. ಅವಳು ಒಂದು ಚೂರಿಗೆ ಬೆಂಕಿ ಹಚ್ಚುವಳು, ಊದಿ ಆರಿಸುವಳು, ಹೊಗೆಯನ್ನು ಮೂಸುವಳು. ಮೇಣದ ವಾಸನೆ ಬಂದರೆ ಅದು ಕೊಡ, ಬಕೆಟ್ ಮಾಡುವ ರಾಶಿಗೆ. ಚೆಂಡುಹೂವಿನ ವಾಸನೆಯಾದರೆ ಇನ್ನೊಂದು ರಾಶಿಗೆ. ಗಂಟಲು ಉರಿದರೆ ದೂರಕ್ಕೆ. ಅದು ಒಂದು ಹಿಡಿ ಬೆರೆತರೂ ಕರಗಿಸಿದ್ದೆಲ್ಲ ಹಾಳು. ಹನ್ನೆರಡು ವರ್ಷ ಅವಳ ಮೂಗು ಒಮ್ಮೆಯೂ ತಪ್ಪಲಿಲ್ಲ. ಇಷ್ಟು ಚೊಕ್ಕವಾಗಿ ಯಾರು ಆರಿಸುತ್ತಾರೆ ಎಂದು ಕೊಳ್ಳಲು ಬಂದವರು ಕೇಳಿದರೆ ವ್ಯಾಪಾರಿ, ಮೆಷಿನ್ ಇದೆ ಎನ್ನುತ್ತಿದ್ದ. ಆ ಮೆಷಿನ್ನು ಅಲ್ಲೇ ಗೋಣಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿತ್ತು.

ಅವಳಿಗಿದ್ದದ್ದು ಒಂದೇ ಹಟ. ಮಗಳು ಈ ಹೊಗೆಯ ಮುಂದೆ ಕೂರಬಾರದು.

ಒಂದು ಸಂಜೆ ಒಲೆಯ ಮೇಲಿನ ಅನ್ನ ಸೀದು ಕರಿಯಾಯಿತು. ಅವಳು ಪಕ್ಕದಲ್ಲೇ ಕೂತಿದ್ದಳು. ಹೊರಗಿನಿಂದ ಓಡಿಬಂದ ಮಗಳು ಪಾತ್ರೆ ಇಳಿಸಿ, "ಅವ್ವಾ, ನಿನಗೆ ವಾಸನೆ ಬರಲಿಲ್ಲವಾ?" ಎಂದಳು. ತಾಯಿ ಸೀದ ಪಾತ್ರೆಗೆ ಬಗ್ಗಿ ಮೂಸಿದಳು, ಏನೂ ತಿಳಿಯಲಿಲ್ಲ. ಹೊಗೆ ಅವಳ ಮೂಗನ್ನು ತಿಂದುಹಾಕಿತ್ತು.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ವಾಸನೆ ತಿಳಿಯದೆ ಹೋದಷ್ಟೂ ಚೂರನ್ನು ಮೂಗಿನ ಇನ್ನಷ್ಟು ಹತ್ತಿರಕ್ಕೆ ಹಿಡಿದಳು, ಹೊಗೆಯನ್ನು ಎದೆಯ ತಳದವರೆಗೆ ಎಳೆದಳು. ಮೊದಮೊದಲು ಗಂಟಲಾದರೂ ಉರಿದು ಹೇಳುತ್ತಿತ್ತು. ಆಮೇಲೆ ಯಾವ ಹೊಗೆಗೂ ಗಂಟಲು ಉರಿಯತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು.

ಒಂದು ದಿನ ಬೇಡದ ಜಾತಿಯ ತುಂಡುಗಳು ಒಳ್ಳೆಯ ರಾಶಿಗೆ ಬಿದ್ದವು. ಕರಗಿಸಿದ್ದೆಲ್ಲ ಕಪ್ಪಾಯಿತು. ವ್ಯಾಪಾರಿ ಬೈಯಲಿಲ್ಲ. ಅವನೇನು ಕೆಟ್ಟವನಲ್ಲ, ಹಬ್ಬಕ್ಕೆ ಅವಳಿಗೆ ಸೀರೆ ಕೊಡುತ್ತಿದ್ದ. "ನೀನು ಮನೆಯಲ್ಲಿರಮ್ಮ. ನಾಳೆಯಿಂದ ಮಗಳನ್ನು ಕಳಿಸು. ಅವಳ ಮೂಗು ಹೊಸದು," ಎಂದ.

ಎರಡು ದಿನ ತಾಯಿ ಮಗಳನ್ನು ಕಳಿಸಲಿಲ್ಲ. ಎರಡು ದಿನ ಒಲೆ ಉರಿಯಲಿಲ್ಲ. ಮೂರನೆಯ ದಿನ ತಾನೇ ಕೈಹಿಡಿದು ಕರೆದೊಯ್ದು, ತಾನು ಕೂರುತ್ತಿದ್ದ ಗೋಣಿಯ ಮೇಲೆ ಕೂರಿಸಿದಳು. ದೂರ ಹಿಡಿ ಮಗಳೇ ಎಂದಳು. ದೂರ ಹಿಡಿದರೆ ವಾಸನೆ ಸಿಕ್ಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗಳು ಮೊದಲ ಚೂರು ಹಚ್ಚಿ, ಬಾಗಿ ಮೂಸಿ, "ಮೇಣದ ವಾಸನೆ ಅವ್ವಾ," ಎಂದು ಖುಷಿಯಿಂದ ನಕ್ಕಳು. ಚೂರಿನ ಬಣ್ಣ ನೀಲಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೊಡದ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಹಾಗಾದರೆ ಇದನ್ನು ಇನ್ನೊಮ್ಮೆ ತೊಳೆದು ತರಲೇ?" ಎಂದ.

"ಕೊಡವನ್ನು ಎಷ್ಟು ಸಲ ಬೇಕಾದರೂ ತೊಳೆಯಪ್ಪ, ಆ ಹುಡುಗಿಯ ಎದೆಯನ್ನು ಯಾವ ನೀರಿನಿಂದ ತೊಳೆಯುತ್ತೀ?"